ಕಣ್ಣಳತೆ ಇರುವ ಮನೆಯಲ್ಲಿ ಒಬ್ಬರೇ ಅಡುಗೆಯವರು

ಇಲ್ಲಿ ಜರ್ಮನಿಯಲ್ಲಿ, ಯುಗಾದಿಗೆ ಪಕ್ಕದ ಮನೆಯ ಜರ್ಮನ್ ಅಜ್ಜಿಗೆ ನಾಲ್ಕು ಒಬ್ಬಟ್ಟು ಕೊಟ್ಟದ್ದಕ್ಕೆ, ಮಾರನೇ ದಿನ ಅವರು ತೊಳೆದ ತಟ್ಟೆಯ ಜೊತೆ ಕಾಗದ, ಪೆನ್ನು ಹಿಡಿದು ಬಾಗಿಲಿಗೆ ಬಂದರು. ಬೇಳೆ ಎಷ್ಟು ಗ್ರಾಂ, ಬೆಲ್ಲ ಎಷ್ಟು ಗ್ರಾಂ? ಮನೆಯಲ್ಲಿ ಯಾರ ಹತ್ತಿರವೂ ಉತ್ತರ ಇರಲಿಲ್ಲ. ಊರಿಗೆ ಫೋನ್ ಮಾಡಿದರೆ ಅಮ್ಮನ ಹತ್ತಿರವೂ ಇರಲಿಲ್ಲ. "ಅದಕ್ಕೆಲ್ಲ ಅಳತೆ ಯಾರು ಇಡ್ತಾರೆ, ಕಣ್ಣಳತೆ ಅಷ್ಟೇ" ಅಂದರು. ಇದನ್ನು ಅಜ್ಜಿಗೆ ತಿಳಿಸಿ ಹೇಳಿದಾಗ ಅವರು ಮುಗ್ಧವಾಗಿಯೇ ಕೇಳಿದರು: "ಹಾಗಾದರೆ ಅಮ್ಮನಿಗೆ ಹುಷಾರಿಲ್ಲದ ವರ್ಷ ನಿಮ್ಮ ಮನೆಯಲ್ಲಿ ಯಾರು ಮಾಡುತ್ತಾರೆ?"

ಯಾರೂ ಮಾಡುವುದಿಲ್ಲ. ಹೋಳಿಗೆ ಅಂಗಡಿಯಿಂದ ತರಿಸುತ್ತೇವೆ, ಇಲ್ಲವೇ ಆ ವರ್ಷ ಪಾಯಸಕ್ಕೇ ಮುಗಿಸುತ್ತೇವೆ. ಆ ಪ್ರಶ್ನೆ ಅವತ್ತಿನಿಂದ ಮನಸ್ಸಿನಲ್ಲಿ ಮುಳ್ಳಿನ ಹಾಗೆ ಕೂತಿದೆ. ಕಣ್ಣಳತೆಯನ್ನು ನಾವು ಕೈಗುಣ ಎಂದು ಹೊಗಳುತ್ತೇವೆ. ಆದರೆ ಅದೇ ಕಣ್ಣಳತೆಯಿಂದಾಗಿ ಹಬ್ಬದ ಇಡೀ ಭಾರ ಒಬ್ಬಳ ತಲೆಯ ಮೇಲೆ ಬೀಳುತ್ತಿದೆ ಎಂಬುದು ಊರಿನಲ್ಲಿದ್ದಷ್ಟು ದಿನ ಕಾಣಲಿಲ್ಲ.

ಇಲ್ಲಿ ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳಿಗೆ ಆಡ್ವೆಂಟ್ ಎನ್ನುತ್ತಾರೆ. ಆ ದಿನಗಳಲ್ಲಿ ಮನೆಮನೆಯಲ್ಲೂ ಬಿಸ್ಕತ್ತು ಸುಡುವ ಕೆಲಸ. ಕತ್ತರಿಸಿ ಮಾಡುವ ಸಾದಾ ಬಿಸ್ಕತ್ತಿನ ಹಿಟ್ಟಿಗೆ ಎಲ್ಲರ ಬಾಯಲ್ಲೂ ಇರುವ ಲೆಕ್ಕ ಒಂದು, ಎರಡು, ಮೂರು: ಸಕ್ಕರೆ 100 ಗ್ರಾಂ, ಬೆಣ್ಣೆ 200 ಗ್ರಾಂ, ಮೈದಾ 300 ಗ್ರಾಂ. ಬೆಣ್ಣೆ ತಣ್ಣಗಿರಬೇಕು, ಕಲಸಿದ ಹಿಟ್ಟು ಒಂದು ಗಂಟೆ ಫ್ರಿಜ್ಜಿನಲ್ಲಿ ಕೂರಬೇಕು, 4 ಮಿಲಿಮೀಟರ್ ದಪ್ಪಕ್ಕೆ ಲಟ್ಟಿಸಬೇಕು, 180 ಡಿಗ್ರಿಯಲ್ಲಿ ಸುಮಾರು 10 ನಿಮಿಷ ಬೇಯಬೇಕು. ಹಿಟ್ಟು ಬೆಚ್ಚಗಾದರೆ ಬೆಣ್ಣೆ ಕರಗಿ, ನಕ್ಷತ್ರ ಕತ್ತರಿಸಿದ್ದು ಒಲೆಯೊಳಗೆ ಹರಡಿ ಮುದ್ದೆಯಾಗುತ್ತದೆ. ಇಷ್ಟು ಗೊತ್ತಿದ್ದರೆ ಆಯಿತು. ಐದು ವರ್ಷದ ಮಗು ಸ್ಟೂಲ್ ಮೇಲೆ ನಿಂತು ತಕ್ಕಡಿಯಲ್ಲಿ 300 ಕಾಣುವವರೆಗೆ ಹಿಟ್ಟು ಸುರಿಯುತ್ತದೆ, ಅಪ್ಪ ಲಟ್ಟಿಸುತ್ತಾನೆ, ಅಜ್ಜ ಒಲೆಯ ಗಡಿಯಾರ ನೋಡಿಕೊಳ್ಳುತ್ತಾನೆ. ಅಂಕಿ ಎಲ್ಲರಿಗೂ ಕಾಣುತ್ತಿರುವುದರಿಂದ ಯಾರು ಬೇಕಾದರೂ ಕೈ ಹಾಕಬಹುದು.

ನಮ್ಮ ಹಬ್ಬದ ಅಡುಗೆಮನೆ ನೆನೆಸಿಕೊಳ್ಳಿ. ನಾಲ್ಕೂವರೆಗೆ ಎದ್ದವಳು ಮಧ್ಯಾಹ್ನ ಎರಡಕ್ಕೆ ಎಲೆ ಹಾಕುತ್ತಾಳೆ, ಮೂರೂವರೆಗೆ ತಾನು ಕೂರುತ್ತಾಳೆ. ಅಷ್ಟರಲ್ಲಿ ಅವಳಿಗೆ ಹಸಿವೇ ಇರುವುದಿಲ್ಲ. ನಡುವೆ ಯಾರಾದರೂ ಒಳಗೆ ಬಂದು ಏನು ಮಾಡಲಿ ಎಂದರೆ ಕಾಯಿ ತುರಿಯುವುದೋ, ಏಲಕ್ಕಿ ಕುಟ್ಟುವುದೋ ಸಿಗುತ್ತದೆ. ಅದಕ್ಕಿಂತ ಮುಂದೆ ಹೋದರೆ "ನೀನು ಬಿಡು, ನಿನಗೆ ಹದ ಗೊತ್ತಾಗಲ್ಲ." ಅವಳು ಹೇಳುವುದು ನಿಜ, ಗೊತ್ತಾಗುವುದಿಲ್ಲ. ಇಪ್ಪತ್ತು ವರ್ಷ ಅವಳ ಪಕ್ಕದಲ್ಲೇ ನಿಂತು ನೋಡಿದ ಮಕ್ಕಳಿಗೂ ಗೊತ್ತಾಗುವುದಿಲ್ಲ, ಯಾಕೆಂದರೆ ನೋಡಿದ್ದೆಲ್ಲ "ಹಿಡಿಸಿದಷ್ಟು", "ಬೇಕಾದಷ್ಟು", "ರುಚಿಗೆ ತಕ್ಕಷ್ಟು". ಹೀಗೆ ಕೆಲಸವನ್ನು ಬಾಯಿಬಿಟ್ಟು ಹೇಳಿಕೊಡಲಾಗದ ಮನೆಯಲ್ಲಿ ಅದು ಇನ್ನೊಬ್ಬರ ಕೈಗೆ ದಾಟುವುದು ಹೇಗೆ?

ಕಣ್ಣಳತೆಯೇ ನಮ್ಮ ಹಿರಿಯರ ಪದ್ಧತಿ ಎನ್ನುವುದನ್ನೂ ಒಪ್ಪಲಾರೆ. ನಾಲ್ಕು ಚಟಾಕಿಗೆ ಒಂದು ಪಾವು, ನಾಲ್ಕು ಪಾವಿಗೆ ಒಂದು ಸೇರು, ನಡುವೆ ಅಚ್ಚೇರು. ಇವೆಲ್ಲ ಅಡುಗೆಮನೆಯ ಪಾತ್ರೆಗಳೇ ಆಗಿದ್ದವು. 1956ರ ಕಾಯ್ದೆ ದೇಶಕ್ಕೆಲ್ಲ ಮೆಟ್ರಿಕ್ ಅಳತೆ ತಂದ ಮೇಲೆ ಅಂಗಡಿ ಕಿಲೋಗೆ ತಿರುಗಿತು. ಮನೆಗಳಲ್ಲಿ ಮಾತ್ರ ಸೇರು ಮೂಲೆ ಸೇರಿತು, ಆದರೆ ತಕ್ಕಡಿ ಒಳಗೆ ಬರಲಿಲ್ಲ. ಅಕ್ಕಿ ಡಬ್ಬದಲ್ಲಿ ಮಾತ್ರ ಪಾವು ಇನ್ನೂ ಉಳಿದಿದೆ, ಅನ್ನಕ್ಕೆ ಇವತ್ತಿಗೂ ಅಳೆದೇ ಇಡುತ್ತಾರೆ. ಆದ್ದರಿಂದಲೇ ನಮ್ಮ ಮನೆಗಳಲ್ಲಿ ಅನ್ನ ಮಾತ್ರ ಯಾರು ಬೇಕಾದರೂ ಇಡಬಲ್ಲರು.

ಒಬ್ಬಟ್ಟನ್ನೂ ಹಾಗೆ ಮಾಡಬಹುದು, ಕಷ್ಟವಿಲ್ಲ. 20 ಒಬ್ಬಟ್ಟಿಗೆ ಕಡಲೆಬೇಳೆ 250 ಗ್ರಾಂ, ಬೆಲ್ಲ 250 ಗ್ರಾಂ, ಏಲಕ್ಕಿ ಆರು. ಕಣಕಕ್ಕೆ ಮೈದಾ 120 ಗ್ರಾಂ, ಚಿರೋಟಿ ರವೆ 80 ಗ್ರಾಂ, ಕಾಲು ಟೀ ಚಮಚ ಅರಿಶಿನ, ಚಿಟಿಕೆ ಉಪ್ಪು, ನೀರು ಸುಮಾರು 130 ಮಿಲಿಲೀಟರ್, ಎಣ್ಣೆ 60 ಮಿಲಿಲೀಟರ್. ಮೊದಲು ಕಲಸಬೇಕಾದದ್ದು ಕಣಕ, ಏಕೆಂದರೆ ಅದು ಎಣ್ಣೆಯಲ್ಲಿ ಕಡಿಮೆಯೆಂದರೂ ಎರಡು ಗಂಟೆ ನೆನೆಯಬೇಕು. ನೆನೆಯದ ಕಣಕ ತಟ್ಟುವಾಗ ರಬ್ಬರಿನಂತೆ ಹಿಂದಕ್ಕೆ ಎಳೆದುಕೊಳ್ಳುತ್ತದೆ. ತಟ್ಟುವವರು ಬಲ ಹಾಕುತ್ತಾರೆ, ಹರಿದುಹೋಗುತ್ತದೆ. ಇಲ್ಲಿನ ಮೈದಾ ಪೊಟ್ಟಣಗಳ ಮೇಲೆ 405, 550 ಎಂದು ಅಂಕಿ ಇರುತ್ತದೆ, 100 ಗ್ರಾಂ ಹಿಟ್ಟು ಸುಟ್ಟರೆ ಎಷ್ಟು ಮಿಲಿಗ್ರಾಂ ಬೂದಿ ಉಳಿಯುತ್ತದೆ ಎಂಬ ಲೆಕ್ಕ ಅದು. ಕಣಕಕ್ಕೆ 550 ತೆಗೆದುಕೊಳ್ಳಿ. 405 ಕೇಕಿಗೆ ಸರಿ, ಎಳೆದರೆ ತುಂಡಾಗುತ್ತದೆ.

ಹೂರಣ ಕೆಡುವುದು ಹೆಚ್ಚಾಗಿ ಕುಕ್ಕರಿನಲ್ಲಿ. ಒಂದು ಸೀಟಿ ಜಾಸ್ತಿಯಾದರೆ ಬೇಳೆ ಕರಗಿ ಗಂಜಿಯಾಗುತ್ತದೆ. ಕಟ್ಟು ಬಸಿಯಲು ಆಗುವುದಿಲ್ಲ, ಬೆಲ್ಲ ಬಿದ್ದ ಮೇಲೆ ಇನ್ನಷ್ಟು ನೀರು ಬಿಡುತ್ತದೆ, ಆಮೇಲೆ ಒಂದು ಗಂಟೆ ಕೈಯಾಡಿಸಿದರೂ ಗಟ್ಟಿಯಾಗುವುದಿಲ್ಲ. ಬೇಳೆಯನ್ನು ಒಂದು ಗಂಟೆ ನೆನೆಸಿ, ಒಂದೂಕಾಲು ಲೀಟರ್ ನೀರಿನಲ್ಲಿ ತೆರೆದ ಪಾತ್ರೆಯಲ್ಲೇ ಬೇಯಿಸುವುದು ಒಳ್ಳೆಯದು. ಎರಡು ಬೆರಳಿನ ನಡುವೆ ಒತ್ತಿದರೆ ಹಿಸುಕಬೇಕು, ಆದರೆ ಪಾತ್ರೆಯಲ್ಲಿ ಕಾಳು ಕಾಳಾಗಿಯೇ ನಿಂತಿರಬೇಕು. ಜರಡಿಯಲ್ಲಿ ಬಸಿದು ಹತ್ತು ನಿಮಿಷ ಹಾಗೇ ಬಿಡಿ, ಕಟ್ಟು ಸಾರಿಗೆ ಹೋಗಲಿ. ಬೆಲ್ಲ ಹಾಕಿ ಒಲೆಯ ಮೇಲಿಟ್ಟರೆ ಮೊದಲು ತೆಳ್ಳಗಾಗುತ್ತದೆ, ಆಗ ಗಾಬರಿಬಿದ್ದು ಹುರಿಗಡಲೆ ಹಿಟ್ಟು ಸುರಿಯಬಾರದು. ತಳ ಬಿಟ್ಟು, ಸೌಟು ನೆಟ್ಟಗೆ ನಿಲ್ಲುವ ಹೊತ್ತಿಗೆ ಇಳಿಸಬೇಕು. ಆರಿದ ಮೇಲೆ ಅದು ಇನ್ನೂ ಒಂದು ಹಂತ ಬಿಗಿಯುತ್ತದೆ, ಆದ್ದರಿಂದ ಒಲೆಯ ಮೇಲೆಯೇ ಉಂಡೆ ಕಟ್ಟುವಷ್ಟು ಬಿಗಿ ಮಾಡಿದರೆ ತಟ್ಟುವಾಗ ಬಿರಿಯುತ್ತದೆ. ಬಿಸಿಯಿರುವಾಗಲೇ ನುಣ್ಣಗೆ ರುಬ್ಬಿ. ಒಂದು ಇಡೀ ಬೇಳೆ ಉಳಿದರೂ ಕಣಕ ತೂತಾಗುವುದು ಅಲ್ಲಿಯೇ.

ಈಗ ತಕ್ಕಡಿಯನ್ನು ಮೇಜಿನ ಮೇಲಿಡಿ. ಹೂರಣದ ಉಂಡೆ 35 ಗ್ರಾಂ, ಕಣಕದ ಉಂಡೆ 19 ಗ್ರಾಂ. ಇಷ್ಟು ಹೇಳಿದರೆ ಏಳು ವರ್ಷದ ಮಗು ಇಪ್ಪತ್ತೂ ಉಂಡೆ ಕಟ್ಟಿ ಸಾಲಾಗಿ ಜೋಡಿಸುತ್ತದೆ, ಬಹಳ ಗಂಭೀರವಾಗಿ ಜೋಡಿಸುತ್ತದೆ. 36 ಬಂದರೆ ಚಿಟಿಕೆ ತೆಗೆದು ಮತ್ತೆ ತೂಗುತ್ತದೆ. ಒಬ್ಬರು ಎಣ್ಣೆ ಸವರಿದ ಬಾಳೆ ಎಲೆಯ ಮೇಲೆ ತಟ್ಟಲಿ, ಇನ್ನೊಬ್ಬರು ಕಾವಲಿಯ ಮುಂದೆ ನಿಂತು ಮಧ್ಯಮ ಉರಿಯಲ್ಲಿ ಬೇಯಿಸಲಿ. ಮೊದಲ ಎರಡು ಒಬ್ಬಟ್ಟು ಹರಿಯುತ್ತವೆ, ಪರವಾಗಿಲ್ಲ, ಅವನ್ನು ನಿಂತಲ್ಲೇ ತುಪ್ಪ ಹಾಕಿ ತಿಂದು ಮುಗಿಸಿ. ಬೆಳಗಿನಿಂದ ಒಬ್ಬಳೇ ನಿಂತು ಮಾಡುವ ಕೆಲಸ ನಾಲ್ವರಿಗೆ ಹಂಚಿದರೆ ತಟ್ಟಿ ಬೇಯಿಸುವುದು ಒಂದು ಗಂಟೆಯಲ್ಲಿ ಮುಗಿಯುತ್ತದೆ, ಎಲ್ಲರೂ ಒಟ್ಟಿಗೆ ಊಟಕ್ಕೆ ಕೂರುತ್ತಾರೆ. ಹಬ್ಬದಲ್ಲಿ ನನಗೆ ಮುಖ್ಯ ಅನ್ನಿಸುವುದು ಇದೇ.

ಯುಗಾದಿಗೆ ಇಲ್ಲಿ ರಜೆ ಇರುವುದಿಲ್ಲ. ವಾರದ ಮಧ್ಯೆ ಬಂದರೆ ಬೆಳಿಗ್ಗೆ ಬೇವು ಬೆಲ್ಲ ತಿಂದು ಕೆಲಸಕ್ಕೆ ಹೋಗಿ, ಒಬ್ಬಟ್ಟನ್ನು ಶನಿವಾರಕ್ಕೆ ಇಟ್ಟುಕೊಳ್ಳುತ್ತೇವೆ. ಭಾನುವಾರ ಅಂಗಡಿ ಬಾಗಿಲು ತೆರೆಯುವುದಿಲ್ಲವಾದ್ದರಿಂದ ಸಾಮಾನಿನ ಪಟ್ಟಿ ಮೊದಲೇ ಸಿದ್ಧವಿರಬೇಕು. ಕೊನೆ ಗಳಿಗೆಯಲ್ಲಿ "ಓಡಿಹೋಗಿ ಒಂದು ಅಚ್ಚು ಬೆಲ್ಲ ತಾ" ಎನ್ನಲು ಬೀದಿ ಕೊನೆಯ ಅಂಗಡಿ ಇಲ್ಲ. ಮೊದಮೊದಲು ಇದು ಹಿಂಸೆ ಅನ್ನಿಸುತ್ತದೆ. ಆಮೇಲೆ, ಅಳತೆ ಬರೆದಿಡುವ ಅಭ್ಯಾಸ ಆಗುವುದೇ ಇದರಿಂದ.

ಅಳತೆಯ ಈ ಮಾತು ಅಡುಗೆಗೆ ಮಾತ್ರ ಅಲ್ಲ. ಗೋಡೆಗೆ ಒಂದು ಶೆಲ್ಫ್ ಹೊಡೆಯಬೇಕೆಂದರೆ ಊರಿನಲ್ಲಿ ಮಿಸ್ತ್ರಿಗೆ ಹೇಳಿ ಕಳಿಸುತ್ತೇವೆ. ಅವನು ಅಂದಾಜಿನಲ್ಲಿ ಗುರುತು ಮಾಡಿ, ಮರದ ಬೆಣೆ ತುರುಕಿ ಮೊಳೆ ಹೊಡೆದು ಹೋಗುತ್ತಾನೆ, ಮನೆಯವರೆಲ್ಲ ಸುತ್ತ ನಿಂತು ನೋಡುತ್ತೇವೆ. ಇಲ್ಲಿ ಶನಿವಾರ ಮನೆಯವರೇ ಮಾಡುತ್ತಾರೆ. ಭಾನುವಾರ ಮೌನದ ದಿನ, ಡ್ರಿಲ್ ಸದ್ದು ಮಾಡುವಂತಿಲ್ಲ. ಸ್ಕ್ರೂ ಹಿಡಿದುಕೊಳ್ಳಲು ತೂತಿಗೆ ತುರುಕುವ ಪ್ಲಾಸ್ಟಿಕ್ ಬೆಣೆಯೇ ರಾಲ್ ಪ್ಲಗ್. 8 ಮಿಲಿಮೀಟರ್ ಪ್ಲಗ್‌ಗೆ ಡ್ರಿಲ್ಲಿಗೆ 8ರದ್ದೇ ಬಿಟ್, 5ರ ಸ್ಕ್ರೂ. ತೂತು ಪ್ಲಗ್ಗಿಗಿಂತ 10 ಮಿಲಿಮೀಟರ್ ಆಳ ಇರಬೇಕು, ಅದಕ್ಕೆ ಬಿಟ್‌ಗೆ ಅಷ್ಟು ದೂರದಲ್ಲಿ ಟೇಪು ಸುತ್ತಿ ಗುರುತು. ಸ್ವಿಚ್, ಪ್ಲಗ್ ಪಾಯಿಂಟುಗಳ ನೇರ ಮೇಲೆ, ಕೆಳಗೆ, ಅಕ್ಕಪಕ್ಕ ಕೊರೆಯಬಾರದು, ವೈರು ಹೋಗಿರುವುದು ಆ ಗೆರೆಯಲ್ಲಿ. ಟೈಲ್ಸ್ ಆದರೆ ಅದನ್ನು ದಾಟುವವರೆಗೆ ಡ್ರಿಲ್ಲಿನ ಹ್ಯಾಮರ್, ಅಂದರೆ ಬಡಿಯುತ್ತ ಕೊರೆಯುವ ಗುಂಡಿ, ಹಾಕಬಾರದು, ಸೀಳುತ್ತದೆ. ತೂತಿನ ಧೂಳು ತೆಗೆಯದಿದ್ದರೆ ಪ್ಲಗ್ಗು ಪೂರ್ತಿ ಒಳಗೆ ಕೂರುವುದಿಲ್ಲ, ಭಾರ ಬಿದ್ದಾಗ ಕಿತ್ತು ಬರುತ್ತದೆ. ಮಗಳು ರಸಮಟ್ಟ ಹಿಡಿದು ಗುಳ್ಳೆ ನಡುವೆ ಬಂತು ಎನ್ನುತ್ತಾಳೆ, ಮಗ ತೂತಿನ ಕೆಳಗೆ ವ್ಯಾಕ್ಯೂಮ್ ಹಿಡಿಯುತ್ತಾನೆ. ಮುಂದೆ ಅವರಿಬ್ಬರೇ ಒಂದು ಶೆಲ್ಫ್ ಹೊಡೆಯಬಲ್ಲರು. ಮಿಸ್ತ್ರಿಯ ಬೆನ್ನು ನೋಡುತ್ತ ಬೆಳೆದ ನಮ್ಮ ಪೀಳಿಗೆಗೆ ಪ್ಲಗ್ಗಿನ ಅಳತೆ ಮೂವತ್ತು ದಾಟಿದ ಮೇಲೆ ತಿಳಿಯಿತು.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತು ಒಪ್ಪಿಕೊಳ್ಳಲೇಬೇಕು. ಮೇಲೆ ಕೊಟ್ಟ ಅಂಕಿಗಳನ್ನು ಹಿಡಿದು ಮಾಡಿದವರಿಗೆ ಎಲ್ಲೋ ಒಂದು ಕಡೆ ಅಂಕಿ ಕೈಕೊಡುತ್ತದೆ. ಇಲ್ಲಿನ ನಲ್ಲಿ ನೀರಿನಲ್ಲಿ ಬಹಳ ಕಡೆ ಸುಣ್ಣ ಹೆಚ್ಚು. ಆ ನೀರಿನಲ್ಲಿ ಬೇಳೆ ಬಿಗಿದುಕೊಳ್ಳುತ್ತದೆ, ಊರಿನಲ್ಲಿ ಅರ್ಧ ಗಂಟೆಗೆ ಬೆಂದದ್ದು ಇಲ್ಲಿ ಮುಕ್ಕಾಲು ಗಂಟೆಯಾದರೂ ಬೇಯುವುದಿಲ್ಲ. ವರ್ಷ ಹಳೆಯ ಬೇಳೆಯೂ ಹಾಗೇ. ಒಂದು ಬೆಲ್ಲ ಒಣಗಿರುತ್ತದೆ, ಇನ್ನೊಂದು ಪಸೆಯಾಗಿರುತ್ತದೆ, ತಕ್ಕಡಿಗೆ ಎರಡೂ 250. ಆಗ ಬೇಕಾಗುವುದು ಅಮ್ಮನ ಆ ಹದವೇ. ಸೌಟು ತಿರುಗಿಸುವಾಗ ಕೈಗೆ ತಾಗುವ ಭಾರ, ಬೆಲ್ಲ ಕುದಿಯುವಾಗ ದೊಡ್ಡ ಗುಳ್ಳೆ ಒಡೆದು ಸಣ್ಣ ಗುಳ್ಳೆಗೆ ತಿರುಗುವ ಸದ್ದು.

ಇನ್ನೊಂದೂ ಇದೆ. ಎಣಿಸಿ ಮಾಡಿದ 20 ಒಬ್ಬಟ್ಟಿನ ಮನೆಗೆ ಹೇಳದೆ ಕೇಳದೆ ಆರು ಜನ ಬಂದರೆ ಏನು ಗತಿ? ಊರಿನಲ್ಲಿ ಅಮ್ಮ ಹಣೆ ಗಂಟಿಕ್ಕುವುದಿಲ್ಲ. ಉಂಡೆ ಒಂದು ಸುತ್ತು ಸಣ್ಣದಾಗುತ್ತದೆ, ಸಾರಿಗೆ ಒಂದು ಚೊಂಬು ನೀರು, ಒಂದು ಹಿಡಿ ಕಾಯಿ ಬೀಳುತ್ತದೆ, ಎಲ್ಲರ ಎಲೆಯ ಮೇಲೂ ಬಡಿಸಿಯಾಗುತ್ತದೆ. ಇಲ್ಲಿ ಹಾಗೆ ಬರುವವರೇ ಇಲ್ಲ. ಅದನ್ನು ನೆನೆದರೆ ಕರುಳು ಚುರುಕ್ ಎನ್ನುತ್ತದೆ.

ಆದರೂ ಆ ಕೈಯ ಲೆಕ್ಕ ಕೈಯಲ್ಲೇ ಮುಗಿಯಬಾರದು. ಮುಂದಿನ ಸಲ ಊರಿಗೆ ಹೋದಾಗ ಅಮ್ಮನನ್ನೋ ಅತ್ತೆಯನ್ನೋ ಅಳೆದು ಹಾಕಿ ಎಂದು ಒತ್ತಾಯ ಮಾಡಬೇಡಿ, ಅಳತೆ ಪಾತ್ರೆ ಕೈಗೆ ಕೊಟ್ಟರೆ ಅವರ ಕೈ ತಡವರಿಸುತ್ತದೆ, ಹದ ತಪ್ಪುತ್ತದೆ. ಅದರ ಬದಲು ಡಬ್ಬಗಳನ್ನೇ ತೂಗಿ. ಮೈದಾ, ರವೆ, ಬೇಳೆ, ಬೆಲ್ಲದ ಡಬ್ಬ, ಎಣ್ಣೆಯ ಜಗ್ಗು, ಅವರು ನೀರು ಮೊಗೆಯುವ ಚೊಂಬು, ಎಲ್ಲದರ ತೂಕ ಮೊದಲೊಂದು ಸಲ, ಕೆಲಸ ಮುಗಿದ ಮೇಲೆ ಇನ್ನೊಂದು ಸಲ. ಕಳೆದರೆ ಬರುವುದೇ ಅವರ ಕಣ್ಣಳತೆ. ಒಂದೇ ಸಲಕ್ಕೆ ನಂಬಬೇಡಿ, ಮೂರು ಸಲ ಬರೆದುಕೊಳ್ಳಿ. ಬೇಳೆ, ಬೆಲ್ಲದ ಅಂಕಿ ಮೂರು ಸಲವೂ ಹತ್ತಿಪ್ಪತ್ತು ಗ್ರಾಂ ಅತ್ತಿತ್ತ ಅಷ್ಟೇ ಇರುತ್ತದೆ, ನೋಡಿದರೆ ಆಶ್ಚರ್ಯವಾಗುತ್ತದೆ. ಕಣಕದ ನೀರು ಮಾತ್ರ ಪ್ರತಿ ಸಲ ಬೇರೆ ಬರುತ್ತದೆ. ಆ ಸಾಲಿನ ಪಕ್ಕ ಅಂಕಿ ಬರೆಯದೆ ಜಾಗ ಬಿಟ್ಟು, ಅವರು ಆಗ ಏನಂದರೋ ಅದನ್ನೇ ಬರೆದುಕೊಳ್ಳಿ: "ಬೆರಳಿಗೆ ಅಂಟಬೇಕು, ಎಳೆದರೆ ಬಿಡಬೇಕು."