ಜಿರಾಫೆಗೆ ದ್ವೀಪ, ಜಿಂಕೆಗೆ ಹಿತ್ತಲು

ಫಿಲಿಪ್ಪೀನ್ಸ್ ದೇಶದ ನೀಗ್ರೋಸ್ ದ್ವೀಪದಲ್ಲಿ ದುಮಗೆಟೆ ಎಂಬ ಕಡಲತಡಿಯ ಊರಿದೆ. 1901ರಲ್ಲಿ ಅಮೆರಿಕದ ಮಿಷನರಿಗಳು ಅಲ್ಲಿ ತೆರೆದ ಶಾಲೆಯೇ ಬೆಳೆದು ಸಿಲಿಮನ್ ವಿಶ್ವವಿದ್ಯಾಲಯವಾಗಿದೆ. ಆ ವಿಶ್ವವಿದ್ಯಾಲಯಕ್ಕೊಂದು ಪುಟ್ಟ ಮೃಗಾಲಯ, ಜೊತೆಗೊಂದು ಸಸ್ಯೋದ್ಯಾನ. ಹುಲಿ, ಸಿಂಹ ನೋಡಲು ಮಕ್ಕಳನ್ನು ಕರೆದುಕೊಂಡು ಹೋದವರು ಐಸ್‌ಕ್ರೀಮ್ ಕೊಡಿಸಿ ಸಮಾಧಾನ ಮಾಡಬೇಕಾದೀತು. ಅಲ್ಲಿ ಸಾಕಿ ಮರಿ ಮಾಡಿಸುತ್ತಿರುವುದು ಆ ಸೀಮೆಯ ಕಾಡಿನಲ್ಲೇ ಹುಟ್ಟಿ, ಆ ಸೀಮೆಯ ಕಾಡಿನಿಂದಲೇ ಕಾಣೆಯಾಗುತ್ತಿರುವ ಪ್ರಾಣಿಗಳನ್ನು. ಅವುಗಳಲ್ಲಿ ವಿಸಾಯನ್ ಚುಕ್ಕೆ ಜಿಂಕೆ ಒಂದು, ವಿಸಾಯನ್ ಕಾಡುಹಂದಿ ಇನ್ನೊಂದು; ನೀಗ್ರೋಸ್ ಸೇರಿರುವ ದ್ವೀಪಸಮೂಹದ ಹೆಸರು ವಿಸಾಯಾಸ್.

ನ್ಯಾಯವಾಗಿ ಹೇಳಬೇಕೆಂದರೆ ತಪ್ಪು ಜಿಂಕೆಯದೇ. ನಮ್ಮ ಕಡವೆಯ ದಾಯಾದಿಯಾಗಿ ಹುಟ್ಟಿಯೂ ಅದು ಮನುಷ್ಯನ ಸೊಂಟದ ಎತ್ತರಕ್ಕೂ ಸರಿಯಾಗಿ ಬೆಳೆಯಲಿಲ್ಲ. ಹಗಲೆಲ್ಲ ಪೊದೆಯಲ್ಲಿ ಅಡಗಿದ್ದು ರಾತ್ರಿ ಮೇಯಲು ಹೊರಡುತ್ತದೆ. ಇಂಥದ್ದರ ಪಕ್ಕ ನಿಂತು ಯಾವ ಮಂತ್ರಿ ಫೋಟೊ ತೆಗೆಸಿಕೊಳ್ಳಬೇಕು? ಅದರ ವೈಜ್ಞಾನಿಕ ಹೆಸರು ವಿಕ್ಟೋರಿಯಾ ರಾಣಿಯ ಮಗ ಆಲ್ಫ್ರೆಡ್‌ನದು. ಇಷ್ಟು ದೊಡ್ಡ ಮನೆತನದ ಶಿಫಾರಸು ಇದ್ದೂ ಮೇಲೆ ಬರಲಾಗದವರನ್ನು ಯಾರು ತಾನೇ ಉದ್ಧಾರ ಮಾಡಲಾದೀತು? ಎಲ್ಲಕ್ಕಿಂತ ದೊಡ್ಡ ಅಪರಾಧವೆಂದರೆ ಅದು ಸ್ಥಳೀಯ. ಹಡಗಿನಿಂದ ಇಳಿಯಲಿಲ್ಲ, ಬಂದರಿನಲ್ಲಿ ಬ್ಯಾಂಡು ಬಾರಿಸುವ ಅವಕಾಶವನ್ನೇ ಕೊಡಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂಬುದು ನಮಗೊಬ್ಬರಿಗೇ ಹೊಳೆದ ಸತ್ಯವೇನಲ್ಲ.

ಹಡಗಿನಿಂದ ಇಳಿದವರ ವೈಭವ ನೋಡಿ. 1976ರಲ್ಲಿ ಅಧ್ಯಕ್ಷ ಫರ್ಡಿನಾಂಡ್ ಮಾರ್ಕೋಸ್ ಅವರಿಗೆ ಆಫ್ರಿಕಾದ ಪ್ರಾಣಿಗಳ ಮೇಲೆ ಕರುಣೆ ಉಕ್ಕಿತು. ಪಲವಾನ್ ಪ್ರಾಂತ್ಯದ ಕಲಾವಿಟ್ ಎಂಬ ಇಡೀ ದ್ವೀಪ ಒಂದು ಘೋಷಣೆಯಲ್ಲಿ ವನ್ಯಧಾಮವಾಯಿತು. ಮರುವರ್ಷ ಕೀನ್ಯಾದಿಂದ ಜಿರಾಫೆ, ಜೀಬ್ರಾ, ಇಂಪಾಲಾ ಸೇರಿದಂತೆ 104 ಪ್ರಾಣಿಗಳು ಸಮುದ್ರ ದಾಟಿ ಬಂದವು. ದ್ವೀಪದಲ್ಲಿ ಆಗಲೇ ಜನರಿದ್ದರು ಎಂಬುದೊಂದು ಸಣ್ಣ ಅಡಚಣೆ. ತಲೆತಲಾಂತರದಿಂದ ಬಾಳಿಕೊಂಡಿದ್ದ ತಗ್ಬನುವಾ ಬುಡಕಟ್ಟಿನವರು ಸೇರಿ ಸುಮಾರು 250 ಕುಟುಂಬಗಳನ್ನು ಎಬ್ಬಿಸಿ, ಒಂದು ಕಾಲದಲ್ಲಿ ಕುಷ್ಠರೋಗಿಗಳ ವಸಾಹತಾಗಿದ್ದ ಜಾಗಕ್ಕೆ ಸಾಗಿಸಲಾಯಿತು. ಆಫ್ರಿಕಾದ ಅತಿಥಿಗಳಿಗೆ ಊರಿನ ನೆನಪು ಕಾಡಬಾರದೆಂದು ಬಿದಿರುಮೆಳೆ ಕಡಿದು ಹುಲ್ಲುಗಾವಲು ಮಾಡಿದರು. ಯಾರೂ ಪ್ರಶ್ನೆ ಕೇಳಲಿಲ್ಲವೇ ಎಂದರೆ, ಆಗ ದೇಶದಲ್ಲಿ ಮಾರ್ಷಲ್ ಲಾ ಇತ್ತು. ಪ್ರಶ್ನೆ ಕೇಳುವ ತಳಿ ಆಗಲೇ ಅಳಿವಿನ ಅಂಚಿನಲ್ಲಿತ್ತು.

ಕಲಾವಿಟ್ ಮತ್ತು ಅದರ ಸುತ್ತಲಿನ ದ್ವೀಪಗಳಲ್ಲಿ ಕಲಮಿಯನ್ ಜಿಂಕೆ ಎಂಬ ಇನ್ನೊಂದು ಬಡಪಾಯಿ ಇದೆ. ಪ್ರಪಂಚದಲ್ಲಿ ಬೇರೆಲ್ಲೂ ಕಾಡಿನಲ್ಲಿ ಕಾಣದ ಪ್ರಾಣಿ. ಜಿರಾಫೆಗಳ ಕಾಲ ಸಂದಿಯಲ್ಲಿ ಅದೂ ಮೇದುಕೊಂಡಿತ್ತು. ದೊಡ್ಡವರ ಮದುವೆಯಲ್ಲಿ ಬಡನೆಂಟನಿಗೂ ಒಂದು ಎಲೆ ಸಿಗುತ್ತದಲ್ಲ!

ಇತ್ತ ನೀಗ್ರೋಸ್‌ನಲ್ಲಿ ಕಾಡು ಹೋಗಿ ಕಬ್ಬು ಬಂದಿತ್ತು. ಫಿಲಿಪ್ಪೀನ್ಸ್‌ನ ಸಕ್ಕರೆಯಲ್ಲಿ ಅರ್ಧದಷ್ಟು ಈ ದ್ವೀಪದ್ದು; 1990ರ ದಶಕದ ಹೊತ್ತಿಗೆ ಇಲ್ಲಿ ಉಳಿದ ಹಳೆಯ ಕಾಡು ಶೇಕಡಾ 4ರ ಆಸುಪಾಸು. ಹೀಗಾಗಿ ವಿಶ್ವವಿದ್ಯಾಲಯದ ಬೇಲಿಯೊಳಗೆ ಒಂದು ಮರಿ ಹುಟ್ಟಿದರೆ ಸಂತೋಷಪಡಬೇಕೋ, ಇದನ್ನು ಮುಂದೆ ಎಲ್ಲಿ ಬಿಡುವುದೆಂದು ತಲೆ ಕೆರೆದುಕೊಳ್ಳಬೇಕೋ ತಿಳಿಯದು. ಟೀ ಲೋಟದಲ್ಲಂತೂ ಬಿಡಲಾಗದು.

ಹಂದಿಯ ಕಥೆ ಇನ್ನೂ ಸೊಗಸು. ಬೆದೆಯ ಕಾಲದಲ್ಲಿ ಗಂಡಿನ ನೆತ್ತಿಯ ಕೂದಲು ಉದ್ದ ಬೆಳೆದು ಕಣ್ಣ ಮೇಲೆ ಸುರಿಯುತ್ತದೆ. ಮುಖದ ಮೇಲೆ ಮೂರು ಜೊತೆ ಗಂಟುಗಳು. ವೈಜ್ಞಾನಿಕ ಹೆಸರಿನಲ್ಲಿ ನೆರೆಯ ಸೆಬು ದ್ವೀಪವನ್ನೇ ಹೊತ್ತಿರುವ ಈ ಪ್ರಾಣಿ ಸೆಬುವಿನಲ್ಲಿ ಈಗ ಒಂದೂ ಇಲ್ಲ. ಅದಕ್ಕೆ ಬುದ್ಧಿಯಿದೆ ಎಂಬುದು ಜಗತ್ತಿಗೆ ತಿಳಿದದ್ದು ಎಲ್ಲಿ? ಪ್ಯಾರಿಸ್‌ನಲ್ಲಿ! ಅಲ್ಲಿನ ಮೃಗಾಲಯದಲ್ಲಿ ಇದೇ ಜಾತಿಯ ಹಂದಿಗಳು ಗೂಡು ಮಾಡುವಾಗ ಮರದ ತೊಗಟೆಯ ಚೂರನ್ನು ಬಾಯಲ್ಲಿ ಕಚ್ಚಿ ಹಿಡಿದು ನೆಲ ಅಗೆದವು. ಹಂದಿಗಳೂ ಸಲಕರಣೆ ಬಳಸುತ್ತವೆ ಎಂದು 2019ರಲ್ಲಿ ಪ್ರಬಂಧವೇ ಹೊರಬಂತು. ಊರಲ್ಲೇ ಇದ್ದಿದ್ದರೆ ಅಗೆದ ತಪ್ಪಿಗೆ ಯಾರದೋ ಗದ್ದೆ ಬದಿಯಲ್ಲಿ ಉರುಳಿಗೆ ಬೀಳುತ್ತಿತ್ತು.

ನಾವು ನಗುವ ಹಾಗಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ ನಮೀಬಿಯಾದಿಂದ ಎಂಟು ಚೀತಾಗಳು ನಮ್ಮಲ್ಲಿಗೂ ವಿಮಾನದಲ್ಲಿ ಬಂದವು. ವಿಮಾನದ ಮೂತಿಯ ಮೇಲೆ ಬಿಡಿಸಿದ್ದು ಹುಲಿಯ ಮುಖ. ಬಳ್ಳಾರಿಯ ಸಿರುಗುಪ್ಪದ ಬಯಲಿನಲ್ಲಿ ಬೆರಳೆಣಿಕೆಯಷ್ಟೇ ಉಳಿದಿರುವ ಎರೆಭೂತ ಹಕ್ಕಿಯ ಚಿತ್ರವನ್ನು ಯಾವ ವಾಹನದ ಮೇಲೂ ನಾನು ಕಂಡಿಲ್ಲ.

ಆದ್ದರಿಂದ ದುಮಗೆಟೆಯಲ್ಲಿ ಈ ಜಿಂಕೆಗಳನ್ನು ಸಾಕುತ್ತಿರುವ ಪ್ರಾಧ್ಯಾಪಕರಿಗೆ ಒಂದು ಬಿಟ್ಟಿ ಸಲಹೆ. ಅನುದಾನಕ್ಕೆ ಅರ್ಜಿ ಬರೆಯುವುದನ್ನು ನಿಲ್ಲಿಸಿ. ನಿಮ್ಮ ಚುಕ್ಕೆ ಜಿಂಕೆಯ ಬಂಧುಗಳು ಯುರೋಪಿನ ಮೃಗಾಲಯಗಳಲ್ಲಿ ಹೇಗೂ ಇವೆ. ಅವುಗಳಲ್ಲಿ ನಾಲ್ಕನ್ನು ಹಡಗು ಹತ್ತಿಸಿ, ಕೊರಳಿಗೆ 'ವಿದೇಶಿ' ಎಂಬ ಚೀಟಿ ಕಟ್ಟಿ ಮನಿಲಾದಲ್ಲಿ ಇಳಿಸಿ. ಬ್ಯಾಂಡು ತಾನಾಗಿ ಬರುತ್ತದೆ, ಮಂತ್ರಿಗಳೂ ಬರುತ್ತಾರೆ, ದ್ವೀಪವೂ ಮಂಜೂರಾಗುತ್ತದೆ. ಎಬ್ಬಿಸಿ ಕಳಿಸಲು ಒಂದು ಇನ್ನೂರೈವತ್ತು ಕುಟುಂಬಗಳನ್ನು ಮಾತ್ರ ಹೊಸದಾಗಿ ಹುಡುಕಬೇಕಾಗುತ್ತದೆ.