ಹಾವೇ ಕೋಲಾದಾಗ

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅನ್ನುವ ಗಾದೆ, ಸತ್ತ ಪ್ರಾಣಿಗಳನ್ನು ಜಾಡಿಯಲ್ಲಿ ಕಾಪಿಡುವ ಮ್ಯೂಸಿಯಂ ಬಾಗಿಲ ಹೊರಗೇ ನಿಲ್ಲಬೇಕು. ಒಳಗೆ ಹಾವು ಮೊದಲೇ ಸತ್ತಿರುತ್ತದೆ. ನೆಟ್ಟಗೆ ಮಲಗಿಸಿ, ಕೊಳೆಯದಂತೆ ಗಟ್ಟಿಮಾಡುವ ದ್ರವವಾದ ಫಾರ್ಮಲಿನ್‌ನಲ್ಲಿಟ್ಟರೆ ಕೆಲವೇ ದಿನಗಳಲ್ಲಿ ಅದೇ ಕೋಲಾಗುತ್ತದೆ. ಜಾಡಿ ಒಂದಡಿ, ಹಾವು ಮೂರಡಿ. ಬಗ್ಗಿಸಲು ಹೋದರೆ ಮುರಿಯುವುದು ಹಾವೇ! ಹಾಗಾಗಿ ಮೊದಲು ಜಾಡಿ ಆರಿಸಿ, ಅದರ ಬಾಯಿಯ ಅಳತೆಗೆ ಹಾವನ್ನು ಚಕ್ಕುಲಿ ಸುತ್ತಿದ ಹಾಗೆ ಸುತ್ತಿ, ಆಮೇಲೆ ಮುಂದಿನ ಮಾತು.

ಅಂಗಡಿ ಫಾರ್ಮಲಿನ್ ಒಂದು ಪಾಲು, ನೀರು ಒಂಬತ್ತು ಪಾಲು. ಬರೀ ಮುಳುಗಿಸಿದರೆ ಸಾಲದು. ಹಾವಿನ ಚರ್ಮ ದ್ರವವನ್ನು ಬೇಗ ಒಳಗೆ ಬಿಡುವುದಿಲ್ಲ, ಹೊರಗೆ ಗಟ್ಟಿಯಾಗುವಷ್ಟರಲ್ಲಿ ಕರುಳು ಕೊಳೆತಿರುತ್ತದೆ. ಮೈಯುದ್ದಕ್ಕೂ ಅಲ್ಲಲ್ಲಿ ಸಿರಿಂಜಿನಿಂದ ಚುಚ್ಚಿ ಒಳಗೂ ತುಂಬಬೇಕು. ಅದಕ್ಕೂ ಮೊದಲು ಪಿತ್ತಜನಕಾಂಗದ ಚೂರೊಂದನ್ನು 95% ಆಲ್ಕೋಹಾಲಿಗೆ ಹಾಕಿಡಿ. ಫಾರ್ಮಲಿನ್ ತಾಗಿದ ಮೇಲೆ ಡಿಎನ್ಎ ತೆಗೆಯುವುದು ದೊಡ್ಡ ತಲೆನೋವು.

ಸತ್ತ ಕಪ್ಪೆಯನ್ನು ತಕ್ಕಡಿಯಲ್ಲಿ ತೂಗುವುದು ಸುಲಭ, ಕಷ್ಟವೆಲ್ಲ ಬೆರಳು ಬಿಡಿಸುವುದರಲ್ಲಿ. ಫಾರ್ಮಲಿನ್‌ನಲ್ಲಿ ನೆನೆಸಿದ ಟಿಶ್ಯೂ ಹಾಸಿದ ಟ್ರೇಯಲ್ಲಿ ಕೂರಿಸಿ, ಒಂದೊಂದೇ ಬೆರಳು ಹರಡಬೇಕು. ಬೆರಳ ನಡುವಿನ ಜಾಲಪೊರೆ ಎಲ್ಲಿಯವರೆಗಿದೆ ಎಂಬುದೇ ಎಷ್ಟೋ ಸಲ ಜಾತಿಯ ಗುರುತು. ಇವತ್ತು ಮುಷ್ಟಿ ಕಟ್ಟಿದ ಕಪ್ಪೆ ನೂರು ವರ್ಷವಾದರೂ ಮುಷ್ಟಿ ಬಿಡುವುದಿಲ್ಲ. ಬಣ್ಣದ ಫೋಟೋವನ್ನೂ ಮೊದಲೇ ತೆಗೆಯಿರಿ. ಪಶ್ಚಿಮಘಟ್ಟದ ಹಸಿರು ಹಾರುಗಪ್ಪೆಯ ಹಳದಿ ಬಣ್ಣ ಆಲ್ಕೋಹಾಲಿನಲ್ಲಿ ಕರಗಿ ಕಪ್ಪೆ ನೀಲಿಗೆ ತಿರುಗುತ್ತದೆ, ಆಮೇಲೆ ಬೂದು ಬಣ್ಣಕ್ಕೆ. ಹೊಸ ನೀಲಿ ಕಪ್ಪೆ ಸಿಕ್ಕಿತೆಂದು ಕುಣಿಯುವವರು ಜಾಡಿಯ ಹಿಂದಿರುವ ರಿಜಿಸ್ಟರ್ ನೋಡಿದರೆ ಒಳ್ಳೆಯದು.

ಪ್ರಾಣಿಗೆ ಕಟ್ಟುವ ಗುರುತಿನ ಚೀಟಿಗೆ ಬಾಲ್‌ಪೆನ್ ಬೇಡವೇ ಬೇಡ. ಮಸಿ ದ್ರವಕ್ಕಿಳಿದು, ಖಾಲಿ ಚೀಟಿ ಕಟ್ಟಿಕೊಂಡ ಅನಾಮಧೇಯ ಕಪ್ಪೆಯೊಂದು ಉಳಿಯುತ್ತದೆ. ನೀರಿಗೂ ಸ್ಪಿರಿಟ್ಟಿಗೂ ಅಂಜದ್ದು ಪೆನ್ಸಿಲ್. ನೀರಿನ ಭಯ ಸುಮ್ಮನೆ ಹೇಳಿದ್ದಲ್ಲ: ಯುದ್ಧದ ಬಾಂಬಿಗೆ ಹೆದರಿ ಕಲ್ಕತ್ತೆಯಿಂದ ಕಾಶಿಗೆ ಸಾಗಿಸಿದ್ದ ಭಾರತೀಯ ಪ್ರಾಣಿ ಸರ್ವೇಕ್ಷಣ ಸಂಸ್ಥೆಯ ಸಂಗ್ರಹ 1943ರಲ್ಲಿ ವರುಣಾ ನದಿಯ ನೆರೆಗೆ ಸಿಕ್ಕಿತು. ಬಾಂಬಿನಿಂದ ತಪ್ಪಿಸಿದರೆ ವರುಣಾ ಹಿಡಿದಳು.

ಫಾರ್ಮಲಿನ್ನಿನಲ್ಲಿ ಗಟ್ಟಿಯಾದ ಮೇಲೆ ಪ್ರಾಣಿಯನ್ನು ನೀರಿನಲ್ಲಿ ತೊಳೆದು 70% ಆಲ್ಕೋಹಾಲಿಗೆ. ಲೆಕ್ಕ ಸರಳ: 95%ನದ್ದು 70 ಮಿಲಿ ಅಳೆದು, ನೀರು ಹಾಕಿ 95 ಮಿಲಿ ಮಾಡಿ. ಆದರೆ ಸಡಿಲ ಮುಚ್ಚಳದ ಸಂದಿಯಿಂದ ನೀರಿಗಿಂತ ಮೊದಲು ಓಡಿಹೋಗುವುದು ಆಲ್ಕೋಹಾಲೇ. ಕಡಿಮೆಯಾದಾಗೆಲ್ಲ 70%ನದ್ದನ್ನೇ ಸುರಿಯುತ್ತಿದ್ದರೆ ಜಾಡಿ ತುಂಬಿ ತುಳುಕುತ್ತದೆ, ಒಳಗಿನ ಸತ್ವ ಇಳಿಯುತ್ತಲೇ ಹೋಗುತ್ತದೆ. ಆಲ್ಕೋಹಾಲಿನ ಪ್ರಮಾಣ ಅಳೆಯುವ ಹೈಡ್ರೋಮೀಟರ್ ಹಾಕಿ ನೋಡದೆ ನಂಬಬೇಡಿ. ಒಮ್ಮೆಲೇ 95% ಸುರಿದು ಸರಿಮಾಡುತ್ತೇನೆಂದರೆ ಕಪ್ಪೆ ಬಾಳಕದ ಮೆಣಸಿನಕಾಯಿಯಂತೆ ಸುಕ್ಕುತ್ತದೆ.

ಹಲ್ಲಿಯದು ಬಾಲದ ತಕರಾರು. ಇಕ್ಕಳದಿಂದ ಬಾಲ ಹಿಡಿದೆತ್ತಿದರೆ ಬಾಲ ಇಕ್ಕಳದಲ್ಲಿ, ಹಲ್ಲಿ ಜಾಡಿಯಲ್ಲಿ. ಮುರಿದ ಬಾಲಕ್ಕೂ ಆಗಲೇ ಅದೇ ನಂಬರಿನ ಚೀಟಿ ಕಟ್ಟಬೇಕು. "ಆಮೇಲೆ ಕಟ್ಟೋಣ ಬಿಡಿ" ಅಂದವರ ಜಾಡಿಯನ್ನು ವರ್ಷ ಕಳೆದು ತೆರೆದರೆ ಆರು ಹಲ್ಲಿಗಳು, ಆರಕ್ಕೂ ಬಾಲ ನೆಟ್ಟಗಿದೆ. ತಳದಲ್ಲಿ ಏಳನೆಯದೊಂದು ಬಾಲ ತೆಪ್ಪಗೆ ಮಲಗಿದೆ.