ಬೇಕಂತಲೇ ಬಿಟ್ಟು ಬಂದ ಕೊತ್ತಂಬರಿ ಸೊಪ್ಪು

ನಮ್ಮ ಮನೆಯಲ್ಲಿ ವಾರಕ್ಕೊಮ್ಮೆಯಾದರೂ ಕೊತ್ತಂಬರಿ ಸೊಪ್ಪು ಇರುವುದಿಲ್ಲ. ಮರೆತು ಅಲ್ಲ, ಬೇಕಂತಲೇ. ತರಕಾರಿ ತರುವಾಗ ಒಂದು ಸಾಮಾನು ಬಿಟ್ಟು ಬರುವುದು ನನ್ನ ಪಾಲಿನ ಕೆಲಸ. ಸಾರು ಕುದಿಯುವ ಹೊತ್ತಿಗೆ ಸರಿಯಾಗಿ "ಅಯ್ಯೋ, ಸೊಪ್ಪೇ ಇಲ್ವಲ್ಲ!" ಅನ್ನುವುದು ಹೆಂಡತಿಯ ಕೆಲಸ. ಚಪ್ಪಲಿ ಮೆಟ್ಟಿಕೊಂಡು ಬೀದಿ ಕೊನೆಯ ಅಂಗಡಿಗೆ ಓಡುವುದು ಮೂರನೇ ಕ್ಲಾಸಿನ ಮಗಳ ಕೆಲಸ. ಒಬ್ಬಳೇ ಕೆಲಸ ಮಾಡಿ ಕಲಿಯಲಿ ಅಂತ ನಾವು ಆಡುವ ನಾಟಕ ಇದು ಅಂತ ಅವಳಿಗೆ ಗೊತ್ತಾಗಿದೆಯೋ ಏನೋ. ಕೇಳುವ ಧೈರ್ಯ ನಾವು ಮಾಡಿಲ್ಲ.

ನನ್ನ ಅಮ್ಮನಿಗೆ ಇದನ್ನು ಕಂಡರೆ ನಗು. "ನಿಮ್ಮನ್ನ ಬೆಳೆಸೋವಾಗ ನಾವು ಇಷ್ಟೆಲ್ಲ ಯೋಚನೆ ಮಾಡಿರಲಿಲ್ಲ ಕಣೋ. ಮನೇಲಿ ಸಾಮಾನು ನಿಜವಾಗ್ಲೂ ಇರ್ತಿರಲಿಲ್ಲ. ಕಳಿಸ್ತಿದ್ವಿ, ಹೋಗ್ತಿದ್ರಿ."

ನಿಜ. ಹಿಟ್ಟಿನ ಗಿರಣಿಗೆ ಹೋಗುತ್ತಿದ್ದೆವಲ್ಲ, ಅದನ್ನೇ ನೋಡಿ. ಗೋಧಿ ಡಬ್ಬಿ ಕೈಗೆ ಕೊಟ್ಟು ಅಮ್ಮ ಒಂದೇ ಮಾತು ಹೇಳುತ್ತಿದ್ದಳು: "ಮುಂಚೆ ಏನು ಹಾಕಿದ್ರು ಅಂತ ಕೇಳಿ ಹಾಕಿಸು." ರಾಗಿ ಬೀಸಿದ ಬೆನ್ನಿಗೇ ಗೋಧಿ ಸುರಿದರೆ ಚಪಾತಿ ಕಪ್ಪಗೆ ಬರುತ್ತದೆ. ಹಾಗಾಗಿ ಹುಬ್ಬು, ಮೀಸೆ ಎಲ್ಲ ಬೆಳ್ಳಗಾದ ಗಿರಣಿಯವನ ಮುಂದೆ ನಿಂತು, ಆ ಗದ್ದಲದ ಮೇಲೆ ಗಂಟಲು ಹರಿದುಕೊಂಡು ಕೇಳಲೇಬೇಕು. ದೊಡ್ಡವರು ಮಧ್ಯೆ ನುಗ್ಗಿದರೆ "ಮುಂದೆ ನಂದು" ಅನ್ನಬೇಕು. ಹಿಟ್ಟು ಬಂದ ಮೇಲೆ ತೂಕ ನೋಡಬೇಕು. ಬಿಸಿ ಬಿಸಿ ಡಬ್ಬಿಯನ್ನು ಸೈಕಲ್ಲಿನ ಹಿಂದೆ ಕಟ್ಟಿ, ಬೀಳಿಸದೆ ಮನೆ ಮುಟ್ಟಿಸಬೇಕು. ಇಂಥದ್ದಕ್ಕೆ ಈಗ ಬೇಸಿಗೆ ರಜೆಯಲ್ಲಿ ಶಿಬಿರ ಮಾಡುತ್ತಾರೆ. ಮಾತಾಡುವ ಕಲೆಗೆ ಒಂದು, ಹಣದ ತಿಳಿವಳಿಕೆಗೆ ಇನ್ನೊಂದು. ಎರಡಕ್ಕೂ ಬೇರೆ ಬೇರೆ ಫೀಸು.

ಆ ಕಾಲ ಬಂಗಾರದ್ದು ಅಂತ ನಾನೇನೂ ಹೇಳುತ್ತಿಲ್ಲ. ಹೊರಗಿನ ಓಡಾಟವೆಲ್ಲ ನನ್ನ ಪಾಲಿಗೆ ಬಂದಿತ್ತು. ಅಕ್ಕನಿಗೆ ಸಿಕ್ಕಿದ್ದು ಪೊರಕೆ. ಸೈಕಲ್ ಕಲಿಯುತ್ತೀನಿ ಅಂದಾಗ "ನಿನಗ್ಯಾಕೆ?" ಅಂದಿದ್ದರು. ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಲೋಟ ತೊಳೆಯುತ್ತಿದ್ದ ಹುಡುಗನಿಗೆ ನನ್ನದೇ ವಯಸ್ಸು. ತನ್ನ ಕಾಲ ಮೇಲೆ ತಾನು ನಿಲ್ಲುವುದನ್ನು ಅವನು ನನಗಿಂತ ಎಷ್ಟೋ ಮುಂಚೆ ಕಲಿತಿದ್ದ. ಅವನನ್ನು ಯಾರೂ ಕೇಳಿ ಕಲಿಸಿದ್ದಲ್ಲ. "ನಮ್ಮ ಕಾಲದಲ್ಲಿ ಮಕ್ಕಳು ಎಷ್ಟು ಗಟ್ಟಿ" ಅಂತ ವಾಟ್ಸಾಪಿನಲ್ಲಿ ಉದ್ದುದ್ದ ಬರೆಯುವವರು ಈ ಇಬ್ಬರನ್ನೂ ಸೇರಿಸಿ ಬರೆದರೆ ಚೆನ್ನ.

ಆಗ ಬಡತನವೋ ಬಿಡುವಿಲ್ಲದ್ದೋ ಮಕ್ಕಳ ಕೈಗೆ ಕೆಲಸ ಕೊಡುತ್ತಿತ್ತು. ಈಗ ಕೈ ಬೀಸಿದರೆ ಸಾಮಾನು ಮನೆ ಬಾಗಿಲಿಗೆ ಬರುತ್ತದೆ. ನೀರು ಕಾಯುವ ಮುಂಚೆ ಟೀ ಪುಡಿ ಬಂದಿರುತ್ತದೆ. ದುಡ್ಡು ಕೂಡ ಕಣ್ಣಿಗೆ ಬೀಳುವುದಿಲ್ಲ. 2016ರಲ್ಲಿ ಯುಪಿಐ ಶುರುವಾದ ಮೇಲೆ ಚಿಲ್ಲರೆ ಮೆಲ್ಲಗೆ ಮನೆ ಬಿಟ್ಟು ಹೋಯಿತು. ಮಗಳನ್ನು ಮೊದಲ ಸಲ ಅಂಗಡಿಗೆ ಕಳಿಸಬೇಕು ಅಂದುಕೊಂಡಾಗ ಮನೆಯಲ್ಲಿ ಹತ್ತು ರೂಪಾಯಿಯ ನೋಟು ಹುಡುಕುವುದೇ ದೊಡ್ಡ ಕೆಲಸವಾಯಿತು. ಕೊನೆಗೆ ಅಮ್ಮನ ಸಾಸಿವೆ ಡಬ್ಬಿಯ ತಳದಲ್ಲಿ ಸಿಕ್ಕಿತು. ಈಗ ಅಂಗಡಿಯವನಿಗೆ ಫೋನಿನಲ್ಲಿ ನೂರು ರೂಪಾಯಿ ಕಳಿಸಿ, ಅವನಿಂದಲೇ ಚಿಲ್ಲರೆ ತಂದಿಟ್ಟುಕೊಳ್ಳುತ್ತೇನೆ. ಅದೇ ಚಿಲ್ಲರೆ ಮಗಳ ಮುಷ್ಟಿಯಲ್ಲಿ ವಾಪಸ್ ಅವನಿಗೇ ಹೋಗುತ್ತದೆ. ಅವನು ಏನಂದುಕೊಂಡಿದ್ದಾನೋ.

ಅವಳ ಲೆಕ್ಕ ಮಾತ್ರ ಸುಧಾರಿಸಿದೆ. ಶಾಲೆಯಲ್ಲಿ ಕಳೆಯುವ ಲೆಕ್ಕಕ್ಕೆ ಕಣ್ಣೀರು ಹಾಕುವವಳು, ಐದು ರೂಪಾಯಿ ಬದಲು ಅಂಗಡಿಯವನು ಚಾಕಲೇಟ್ ಕೊಟ್ಟರೆ "ಬೇಡ ಅಂಕಲ್, ದುಡ್ಡೇ ಕೊಡಿ" ಅನ್ನುತ್ತಾಳೆ. ಚಾಕಲೇಟ್ ಬೇಡ ಅನ್ನುವ ಮಗು ನಮ್ಮ ವಂಶದಲ್ಲೇ ಇರಲಿಲ್ಲ. ಕರಿಬೇವಿಗೆ ದುಡ್ಡು ಕೊಡಬೇಕಾಗಿಲ್ಲ, ಕೇಳಿದರೆ ಸಾಕು ಅಂತಲೂ ಅವಳೇ ಕಂಡುಹಿಡಿದಳು.

ಒಂದು ದಿನ ದಾರಿಯಲ್ಲಿ ನಾಯಿಮರಿಗಳು ಸಿಕ್ಕಿ, ಸೊಪ್ಪು ಮನೆಗೆ ಬರುವಷ್ಟರಲ್ಲಿ ನಮ್ಮ ಊಟ ಮುಗಿದಿತ್ತು. ಯಾರೂ ಬೈಯಲಿಲ್ಲ. ಅವಳೇ ತಟ್ಟೆ ನೋಡಿ "ಸೊಪ್ಪಿಲ್ಲದೆ ಸಾರು ಸಪ್ಪೆ" ಅಂದಳು. ಸೊಪ್ಪು ಬಿಟ್ಟು ಬಂದದ್ದು ನಾಟಕ ಇರಬಹುದು. ತರದಿದ್ದರೆ ಸಾರಿಗಿಲ್ಲ ಅನ್ನುವುದು ನಾಟಕವಲ್ಲ. ಸುಮ್ನೆ ಕೊಟ್ಟ ಕೆಲಸ ಯಾವುದು, ಬೇಕಾಗಿ ಕೊಟ್ಟದ್ದು ಯಾವುದು ಅಂತ ಮಕ್ಕಳಿಗೆ ಎಷ್ಟು ಬೇಗ ಗೊತ್ತಾಗುತ್ತದೆ ಅಂದರೆ! ಬೊಂಬೆ ಪಾತ್ರೆ ತೊಳೆಯುವ ಆಟ ಒಂದು ದಿನಕ್ಕೆ ಬೇಜಾರು. ಅಜ್ಜಿಯ ಮಾತ್ರೆ ಹೊತ್ತಿಗೆ ಸರಿಯಾಗಿ ನೆನಪಿಸುವ ಕೆಲಸ ತಿಂಗಳಾದರೂ ಬೇಜಾರಿಲ್ಲ. ನಮ್ಮ ಕಡೆಯ ಸರ್ಕಾರಿ ಶಾಲೆಗಳಲ್ಲಿ ನಡೆಯುವ ಮಕ್ಕಳ ಸಂತೆ ನನಗೆ ಇಷ್ಟವಾಗುವುದೂ ಇದೇ ಕಾರಣಕ್ಕೆ. ಮನೆಯ ಹಿತ್ತಲಿನ ಬದನೆ, ಹೊಲದ ಅವರೆ ತಂದು ಗುಡ್ಡೆ ಹಾಕಿ ಕೂರುತ್ತಾರೆ. ಕೊಳ್ಳುವವರು ಊರಿನವರೇ. ಚೌಕಾಸಿ ನಿಜ, ದುಡ್ಡು ನಿಜ, ಮಾರಾಟವಾಗದೆ ಬಾಡಿದ ಸೊಪ್ಪೂ ನಿಜ.

ಇದನ್ನೆಲ್ಲ ಬಹಳ ಹಿಂದೆಯೇ ಕೂತು ಯೋಚಿಸಿದವರು ಇಟಲಿಯ ಶಿಕ್ಷಣತಜ್ಞೆ ಮರಿಯಾ ಮಾಂಟೆಸರಿ. 1907ರ ಜನವರಿಯಲ್ಲಿ ರೋಮ್ ನಗರದ ಸಾನ್ ಲೊರೆಂಜೊ ಅನ್ನುವ ಬಡವರ ಕೇರಿಯಲ್ಲಿ ಅವರ ಮೊದಲ ಮಕ್ಕಳ ಮನೆ ಶುರುವಾಯಿತು. ಅಲ್ಲಿ ಮಕ್ಕಳು ನೀರು ಬಗ್ಗಿಸುತ್ತಿದ್ದರು, ಗುಂಡಿ ಹಾಕಿಕೊಳ್ಳುತ್ತಿದ್ದರು, ಕಸ ಗುಡಿಸುತ್ತಿದ್ದರು, ಊಟ ಬಡಿಸುತ್ತಿದ್ದರು. ಕೈಗೆ ಕೊಡುತ್ತಿದ್ದದ್ದು ನಿಜವಾದ ಗಾಜಿನ ಲೋಟ, ಪಿಂಗಾಣಿ ತಟ್ಟೆ. ಬಿದ್ದರೆ ಒಡೆಯಲಿ, ಒಡೆದರೆ ತಾನೇ ಹುಷಾರಾಗುವುದು ಅಂತ. 1939ರಲ್ಲಿ ಆಕೆ ಮದ್ರಾಸಿನ ಅಡ್ಯಾರಿಗೆ ಬಂದರು. ಮರುವರ್ಷ ಇಟಲಿ ಬ್ರಿಟನ್ನಿನ ವಿರುದ್ಧ ಮಹಾಯುದ್ಧಕ್ಕೆ ಇಳಿಯಿತು. ಇಟಲಿಯವರು ಅಂತ ಬ್ರಿಟಿಷರು ಓಡಾಟಕ್ಕೆ ಕಟ್ಟು ಹಾಕಿದರು. ಹಾಗಾಗಿ ವರ್ಷಗಟ್ಟಲೆ ನಮ್ಮ ದೇಶದಲ್ಲೇ ಉಳಿದು, ಕೊಡೈಕೆನಾಲಿನಲ್ಲೂ ಮಕ್ಕಳ ಜೊತೆ ಕೆಲಸ ಮಾಡಿದರು. ಈಗ ಬೆಂಗಳೂರಿನ ಗಲ್ಲಿ ಗಲ್ಲಿಯಲ್ಲೂ ಅವರ ಹೆಸರಿನ ಬೋರ್ಡಿದೆ. ಒಳಗೆ ಪ್ಲಾಸ್ಟಿಕ್ ಲೋಟ.

ನಮ್ಮ ಮನೆಯಲ್ಲಿ ಅಮ್ಮನೇ ಮಾಂಟೆಸರಿ. ಮಗಳಿಗೆ ಸ್ಟೀಲ್ ಚೊಂಬು ಕೊಟ್ಟು "ನೀನೇ ಬಗ್ಗಿಸ್ಕೊ" ಅನ್ನುತ್ತಾಳೆ. ಚೆಲ್ಲಿದರೆ ಒರೆಸೋ ಬಟ್ಟೆ ಎಲ್ಲಿದೆ ಅಂತ ಕಣ್ಣಲ್ಲೇ ತೋರಿಸುತ್ತಾಳೆ. ಅಮ್ಮ ಯಾವ ತರಬೇತಿಗೂ ಹೋದವಳಲ್ಲ. ಅವಳಿಗಿರುವುದು ಸಮಯ. ಸಮಯವೇ ನಮ್ಮ ಹತ್ತಿರ ಇಲ್ಲದ್ದು. ಬೆಳಿಗ್ಗೆ ಏಳೂ ನಲವತ್ತಕ್ಕೆ ಕೆಳಗೆ ಶಾಲೆಯ ವ್ಯಾನು ಹಾರ್ನ್ ಹೊಡೆಯುವಾಗ, ಷೂ ಲೇಸನ್ನು ಮೂರನೇ ಸಲ ಬಿಚ್ಚಿ ಕಟ್ಟುತ್ತಾ ಕೂತ ಮಗುವಿನ ಮುಂದೆ ಯಾವ ಶಿಕ್ಷಣ ತತ್ವವೂ ನಿಲ್ಲುವುದಿಲ್ಲ. ನಾವೇ ಬಗ್ಗಿ ಕಟ್ಟಿಬಿಡುತ್ತೇವೆ. ಹೀಗಾಗಿ ನಮ್ಮಲ್ಲಿ ಒಂದು ಒಪ್ಪಂದವಿದೆ. ಹೊಸದೇನಿದ್ದರೂ ಭಾನುವಾರ ಕಲಿಯುವುದು. ಭಾನುವಾರದ ಚಪಾತಿ ಯಾವ ದೇಶದ ನಕಾಶೆಯ ಹಾಗಿದ್ದರೂ ನಾವು ಕಮಕ್ ಕಿಮಕ್ ಅನ್ನದೆ ತಿನ್ನುವುದು. ಈ ಎರಡನೆಯದೇ ಕಷ್ಟ. ತುದಿ ನಾಲಿಗೆಗೆ ಬಂದ "ಕೊಡಿಲ್ಲಿ, ನಾನ್ ಮಾಡ್ತೀನಿ" ಅನ್ನುವ ಮಾತನ್ನು ನುಂಗಿಕೊಳ್ಳುವುದಕ್ಕೆ ದೊಡ್ಡವರಿಗೇ ಒಂದು ಶಿಬಿರ ಬೇಕು.

ಭಯದ ಮಾತೂ ಇದೆ. ಫುಟ್‌ಪಾತ್ ಮೇಲೇ ಸ್ಕೂಟರು ಹತ್ತಿಸಿಕೊಂಡು ಬರುವ ಊರಿನಲ್ಲಿ ಮಗುವನ್ನು ಒಂಟಿಯಾಗಿ ಕಳಿಸಲು ಹೆದರುವವರನ್ನು ನಾನು ಆಡಿಕೊಳ್ಳುವುದಿಲ್ಲ. ನಮ್ಮ ಅಂಗಡಿ ರಸ್ತೆಯ ಇದೇ ಬದಿಗಿದೆ. ಆ ಬದಿಗಿದ್ದಿದ್ದರೆ ಈ ಪ್ರಬಂಧವೇ ಇರುತ್ತಿರಲಿಲ್ಲ. ಜಪಾನಿನ ಪ್ರಾಥಮಿಕ ಶಾಲೆಯ ಮಕ್ಕಳು ನಡೆದೇ ಶಾಲೆಗೆ ಹೋಗುತ್ತಾರೆ, ಊಟ ತಾವೇ ಬಡಿಸಿಕೊಳ್ಳುತ್ತಾರೆ, ಕ್ಲಾಸು ತಾವೇ ಒರೆಸುತ್ತಾರೆ ಅಂತ ಹೊಗಳುತ್ತೇವಲ್ಲ. ಅಲ್ಲಿ ಕಾರು ನಡೆಸುವವರೂ ಮಗು ದಾಟಲಿ ಅಂತ ನಿಲ್ಲುತ್ತಾರೆ. ಅಮೆರಿಕದಲ್ಲಿ ಇನ್ನೊಂದು ಕಥೆ. ಮಕ್ಕಳನ್ನು ನಡೆದು ಶಾಲೆಗೆ ಕಳಿಸುವುದು, ಹೊರಗೆ ಆಡಲು ಬಿಡುವುದು ನಿರ್ಲಕ್ಷ್ಯವಲ್ಲ ಅಂತ ಯೂಟಾ ರಾಜ್ಯ 2018ರಲ್ಲಿ ಕಾನೂನನ್ನೇ ಮಾಡಬೇಕಾಯಿತು. ಅಲ್ಲಿರುವ ನನ್ನ ಚಿಕ್ಕಪ್ಪನ ಮಗನಿಗೆ ಇದನ್ನು ಹೇಳಿದೆ. "ನಮ್ಮಲ್ಲಿ ಅಂಗಡಿಗೇ ಏಳು ಮೈಲಿ, ಕಳಿಸೋದು ಎಲ್ಲಿಗೆ?" ಅಂದ.

ಈಗ ನಮ್ಮ ಮನೆಯ ಮುಂದಿರುವ ಪ್ರಶ್ನೆ ಬಸ್ಸಿನದು. ಅಕ್ಕನ ಮನೆ ಮೂರು ಸ್ಟಾಪ್ ಆಚೆ. ಮಗಳಿಗೆ ಅಲ್ಲಿಗೆ ಒಬ್ಬಳೇ ಹೋಗಬೇಕಂತೆ. 2023ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ಟಿಗೆ ದುಡ್ಡಿಲ್ಲವಲ್ಲ, ಅದೇ ಅವಳ ವಾದ. "ಖರ್ಚೇ ಇಲ್ಲ ಅಪ್ಪಾ, ಮತ್ತೆ ಯಾಕೆ ಬೇಡ?" ಐದನೇ ಕ್ಲಾಸಿಗೆ ಬಾ, ನೋಡೋಣ ಅಂದಿದ್ದೇನೆ. ಸೈಕಲ್ ಸಿಗದ ಅಕ್ಕ ಫೋನಿನಲ್ಲಿ ನಾಲ್ಕನೇ ಕ್ಲಾಸಿಗೇ ಕಳಿಸು ಅನ್ನುತ್ತಿದ್ದಾಳೆ. ಅಮ್ಮ ಅವಳ ಪಾರ್ಟಿ. ಹೆಂಡತಿ ಮಾತ್ರ ಒಂದು ಷರತ್ತು ಹಾಕಿದ್ದಾಳೆ. "ಯಾವ ಕ್ಲಾಸಿಗೆ ಬೇಕಾದರೂ ಕಳಿಸಿ ರೀ. ನೀವು ಹೆಲ್ಮೆಟ್ ಹಾಕಿಕೊಂಡು ಬಸ್ಸಿನ ಹಿಂದೆ ಸ್ಕೂಟರಲ್ಲಿ ಹೋಗಲ್ಲ ಅಂತ ಮೊದಲು ಮಾತು ಕೊಡಿ." ಇನ್ನೂ ಕೊಟ್ಟಿಲ್ಲ.